ಉಸಿರಕ್ಕನ ಕೊನೇ ಪರೀಕ್ಷೆ

ಬೆನ್ನುನೋವು, ಸೊಂಟನೋವು ಎಂದು ಬಂದ ಹೆಂಗಸರನ್ನು ಫಿಸಿಯೋಥೆರಪಿಯ ಉಸಿರಕ್ಕ ಮೊದಲು ಕೇಳುವುದೇ, "ಸೀನಿದರೆ ಒದ್ದೆಯಾಗುತ್ತೇನಮ್ಮ?" ಎಂದು. ಅವರು ತಲೆ ತಗ್ಗಿಸಿದರೆ, "ಸಿಕ್ಕಿದ ನೋಡು ಕಳ್ಳ! ನೋವು ಬೆನ್ನಲ್ಲಿದ್ದರೂ ಬೇರು ಸೊಂಟದ ತಳದಲ್ಲಿದೆ. ಅಲ್ಲಿನ ಸ್ನಾಯುಗಳನ್ನ ಮುಷ್ಟಿ ಕಟ್ಟಿದ ಹಾಗೆ ಬಿಗಿಹಿಡಿದಿದ್ದೀಯ. ಉಸಿರು ಬಿಡು, ಜೊತೆಗೆ ಅದನ್ನೂ ಬಿಡು" ಎನ್ನುತ್ತಾಳೆ. ಹೇಳಿ ಹೇಳಿ ಅದೇ ಅವಳ ಹೆಸರಾಯಿತು. ಬಸ್ಸಿನಲ್ಲೂ ಪಕ್ಕದವರ ಕೈಲಿ ಉಸಿರು ಬಿಡಿಸದೆ ಇಳಿಯುವವಳಲ್ಲ. ವಾಸಿಯಾಯಿತು ಎಂದವರನ್ನೂ ಸುಮ್ಮನೆ ಕಳಿಸುವುದಿಲ್ಲ. ಕಾಲು ಅಗಲಿಸಿ ನಿಲ್ಲಿಸಿ, ಹಳಸಲು ಜೋಕೊಂದನ್ನು ಹೇಳುತ್ತಾಳೆ. ಒದ್ದೆಯಾಗುವ ಭಯಕ್ಕೆ ಕಾಲು ಜೋಡಿಸದೆ ಹೊಟ್ಟೆತುಂಬ ನಕ್ಕವರೇ ಪಾಸು. ಚಿಕ್ಕವಳಿದ್ದಾಗ ಅವಳು ಜೋಕು ಶುರುಮಾಡಿದರೆ ಸಾಕು, ಅಮ್ಮ ಥಟ್ಟನೆದ್ದು ಒಳಗೆ ಹೋಗಿಬಿಡುತ್ತಿದ್ದಳು. ತನ್ನ ಜೋಕು ಅಮ್ಮನಿಗೆ ಹಿಡಿಸುವುದೇ ಇಲ್ಲ ಎಂದು, ಈ ಕೆಲಸ ಕಲಿಯುವವರೆಗೂ ಅವಳು ನಂಬಿದ್ದಳು.