ಕಣ್ಣು ಬರೆಯದ ಮುಖ

ಬೊರಿವಲಿಯ ಪ್ರಫುಲ್ಲಾ ಟೀಚರ್ ಕಾದಂಬರಿ ಬರೆಯುತ್ತಿದ್ದಾರೆ ಎಂದರೆ ಬಿಲ್ಡಿಂಗಿನವರು "ಅಚ್ಛಾ?" ಎಂದು ಲಿಫ್ಟ್ ಹತ್ತಿಬಿಡುತ್ತಾರೆ. ಕನ್ನಡ ಶಾಲೆಯಿಂದ ನಿವೃತ್ತರಾಗಿ ಐದು ವರ್ಷ. ಮದುವೆಯ ಗೊಡವೆಗೆ ಹೋದವರಲ್ಲ. ಜೊತೆಗಿದ್ದ ಅಕ್ಕನೂ ತೀರಿಕೊಂಡ ಮೇಲೆ ಮನೆಯಲ್ಲಿ ಸದ್ದು ಮಾಡುವುದು ಕುಕ್ಕರ್ ಒಂದೇ.

ಅವರ ಕಾದಂಬರಿ ಅರವತ್ತು ವರ್ಷ ಹಿಂದಿನ ಮುಂಬಯಿಯಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಪೇಂಟರುಗಳದು. ಗ್ರಂಥಾಲಯಗಳ ಧೂಳು ಕುಡಿದು, ಹಳೆ ಪತ್ರಿಕೆ ತಿರುವಿ ಹದಿನಾರು ಅಧ್ಯಾಯ ಮುಗಿಸಿದ್ದರು. ಕೊನೆಯದಾದ ಹದಿನೇಳನೆಯದು ಮಾತ್ರ ಜಪ್ಪಯ್ಯ ಅಂದರೂ ಮುಂದೆ ಸಾಗಲಿಲ್ಲ. ಅದರಲ್ಲಿ ಪೇಂಟರ್ ಹೆಂಗಸೊಬ್ಬಳನ್ನು ಎದುರು ಕೂರಿಸಿಕೊಂಡು ನೋಡುತ್ತಾನೆ. ಹಾಗೆ ನೋಡಿಸಿಕೊಳ್ಳುವುದು ಹೇಗಿರುತ್ತದೋ, ಟೀಚರಿಗೆ ಎಲ್ಲಿಂದ ಗೊತ್ತಾಗಬೇಕು ಪಾಪ! ಎಂಟು ತಿಂಗಳು ಹೀಗೇ ಹೋಯಿತು.

ಕಡೆಗೆ ಯಾರೋ ಧಾರಾವಿಯ ಕಾಶಪ್ಪನವರ ವಿಳಾಸ ಕೊಟ್ಟರು. ಕಲಬುರಗಿ ಕಡೆಯವರು, ಎಂಬತ್ತರ ಹತ್ತಿರ. ಒಂದು ಕಾಲಕ್ಕೆ ನಲವತ್ತು ಅಡಿ ಬ್ಯಾನರ್ ಬರೆದ ಕೈ. ಈಗ ಚರ್ಮದ ಚೀಲ ಹೊಲಿಯುವ ಕಾರ್ಖಾನೆಯ ಮೇಲಿನ ಖೋಲಿಯಲ್ಲಿ ಒಬ್ಬರೇ. ಒಂದು ಗುರುವಾರ ಟೀಚರ್ ನೋಟ್‌ಬುಕ್ ಹಿಡಿದು ಹೋಗಿ, ಪೇಂಟರ್ ಎದುರು ಕೂತವರನ್ನು ಹೇಗೆ ನೋಡುತ್ತಾನೆ ಎಂದು ಕೇಳಿದರು.

"ಹೇಳಿದ್ರ ತಿಳಿಯಂಗಿಲ್ರೀ ಅಕ್ಕೋರ," ಎಂದರು ಕಾಶಪ್ಪ. "ನಿಮ್ಮ ಫೋಟೋ ಅದ ಏನು?"

ಪರ್ಸಿನಲ್ಲಿದ್ದದ್ದು ಶಾಲೆಯ ಐಡಿ ಕಾರ್ಡು, ಇಪ್ಪತ್ತು ವರ್ಷ ಹಳತು.

"ಇದು ಬ್ಯಾಡ. ನೀವ ಕೂಡ್ರಿ."

ಸೀಮೆಸುಣ್ಣ ಬಳಿದ ದಾರ ಎಳೆದು ಬಿಟ್ಟು, ರಟ್ಟಿನ ಮೇಲೆ ಚೌಕ ಮೂಡಿಸಿದರು. ಆಮೇಲೆ ನೋಡಿದರು. ಚೌಕ ಚೌಕವಾಗಿ ನೋಡಿದರು: ಹಣೆ, ಕೆನ್ನೆ, ಗಲ್ಲದ ಮಚ್ಚೆ. ಆ ಮಚ್ಚೆ ಇದೆಯೆಂಬುದನ್ನೇ ಟೀಚರ್ ಮರೆತಿದ್ದರು. ಅವರನ್ನು ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ, ಇಡೀ ಜನ್ಮದಲ್ಲಿ! ನಾಚಿಕೆಯಾಯಿತು, ಗಳಗಳ ಅತ್ತೇಬಿಟ್ಟರು.

"ಅತ್ರೂ ನಡೀತದ. ಕಣ್ಣು ಕಡೀಕ ಬರಿಯೋದು," ಎಂದರು ಕಾಶಪ್ಪ.

ಬ್ಯಾನರಿನವರ ಪದ್ಧತಿಯೇ ಅದು. ಶಿಷ್ಯರು ಸೀರೆ, ಕೂದಲು ಎಲ್ಲ ಬರೆದ ಮೇಲೆ ಉಸ್ತಾದ್ ಬಂದು ಕಣ್ಣು ಬರೆಯಬೇಕು. ಕಣ್ಣು ಬಿತ್ತೆಂದರೆ ಕೆಲಸ ಮುಗಿಯಿತು, ಎಲ್ಲರೂ ಅವರವರ ಮನೆಗೆ.

ಎರಡನೆಯ ಗುರುವಾರ ಮುಖದ ಬಣ್ಣ, ಮೂರನೆಯದಕ್ಕೆ ಕೂದಲು. ನಾಲ್ಕನೆಯದಕ್ಕೆ ಕಾಶಪ್ಪ ಬ್ರಷ್ ಅದ್ದಿ ಎತ್ತಿದವರು, ಕಣ್ಣಿನ ಜಾಗಕ್ಕೆ ಬಂದು ನಿಂತರು. ಹಾಗೇ ಕೆಳಗಿಟ್ಟರು.

"ಇವತ್ತ ಬೆಳಕು ಬರೋಬ್ಬರಿ ಇಲ್ರೀ. ಮುಂದಿನ ವಾರ ನೋಡೂಣು."

ಕಿಟಕಿಯಾಚೆ ಬಿಸಿಲು ರಣರಣ ಅನ್ನುತ್ತಿತ್ತು. ಟೀಚರ್ ಆ ಬಿಸಿಲನ್ನೂ ನೋಡಿದರು, ಗೋಡೆಯ ಮೊಳೆಗೆ ನೇತುಬಿದ್ದ ಒಂದೇ ಒಂದು ಅಂಗಿಯನ್ನೂ ನೋಡಿದರು.

"ಹೌದು ಮಾರಾಯ್ರೆ, ಬೆಳಕು ಕಮ್ಮಿ ಉಂಟು," ಎಂದರು.

ಹದಿನೇಳನೆಯ ಅಧ್ಯಾಯ ಆ ವಾರವೇ ಒಂದೇ ಗುಕ್ಕಿಗೆ ಮುಗಿಯಿತು. ಕಾದಂಬರಿ ಪ್ರಕಾಶಕರಿಗೂ ಹೋಯಿತು. ಕಾಶಪ್ಪನವರಿಗೆ ಮಾತ್ರ ಟೀಚರ್ ಹೇಳಿಲ್ಲ. ಈಗಲೂ ಗುರುವಾರ ಖಾಲಿ ನೋಟ್‌ಬುಕ್ ಹಿಡಿದು ಲೋಕಲ್ ಟ್ರೇನ್ ಹತ್ತುತ್ತಾರೆ. ಹೋದ ವಾರ, ಹನ್ನೊಂದನೆಯ ಸಲ, ಬೆಳಕು ಸರಿಯಿರಲಿಲ್ಲ.