ಕಾಕೂ ಹೇಳಿದ ಮೂರು ತಪ್ಪು

ಕಾಕೂ ಅವರ ಬಲಗಿವಿಯ ಹಾಲೆ ಎರಡು ಸೀಳಾಗಿತ್ತು. ಎಂದೋ ಚಿಕ್ಕ ವಯಸ್ಸಿನಲ್ಲಿ ಭಾರದ ಝುಮಕಿ ಹಾಕಿಕೊಂಡಿದ್ದಾಗ ತೊಡೆಯ ಮೇಲಿನ ಕೂಸು ಹಿಡಿದು ಜಗ್ಗಿ ಹರಿದದ್ದಂತೆ. ಹಾಗಾಗಿ ಎಡಗಿವಿಗೆ ಮಾತ್ರ ಓಲೆ ಹಾಕುತ್ತಿದ್ದರು, ಅದೂ ವಾರಕ್ಕೊಂದು ಬೇರೆ. ಗೊತ್ತಿಲ್ಲದವರು ಮುದುಕಿಗೆ ಎಂಥ ಶೋಕಿ ಎಂದು ನಗುತ್ತಿದ್ದರು. ಶೋಕಿಯಲ್ಲ, ಅದು ಪರೀಕ್ಷೆ. ನಮ್ಮ ಅಂಗಡಿಗೆ ಹೊಸ ನಮೂನೆ ಬಂದರೆ ಒಂದು ಜೋಡಿ ಒಯ್ದು, ಎಂಟು ದಿನ ಹಾಕಿಕೊಂಡೇ ಕಸ ಹೊಡೆದು, ರೊಟ್ಟಿ ಬಡಿದು, ಮಲಗಿ ಎದ್ದು, ಆಮೇಲೆ ಬಂದು ತೀರ್ಪು ಕೊಡುತ್ತಿದ್ದರು. "ಕಿವಿ ತುರಸತೈತಿ ತಂಗಿ. ಈ ಮಾಲ ಬ್ಯಾಡ." ಅಷ್ಟೇ. ಆ ನಮೂನೆಯನ್ನು ಮತ್ತೆ ಕೈಯಲ್ಲಿ ಹಿಡಿಯುತ್ತಿರಲಿಲ್ಲ.

ನಮ್ಮದು ಜಮಖಂಡಿಯಲ್ಲಿ ಗಿಲೀಟಿನ ಒಡವೆಗಳ ಹೋಲ್‌ಸೇಲ್ ಅಂಗಡಿ. ಈಗ ಫ್ಯಾಷನ್ ಜ್ಯುವೆಲರಿ ಎನ್ನಬೇಕಂತೆ, ಅನ್ನೋಣ. ಮಾವನವರು ಹಾಕಿದ್ದು. ಮುಂಬೈಗೆ, ಕೊಲ್ಹಾಪುರಕ್ಕೆ ಹೋಗಿ ಮಾಲು ತರುವವರು ನನ್ನ ಗಂಡ, ಹಣ ಎಣಿಸುತ್ತ ಗಲ್ಲೆಯ ಮೇಲೆ ಕೂರುವವಳು ನಾನು. ಮುಧೋಳ, ಬೀಳಗಿ, ರಬಕವಿ, ಬನಹಟ್ಟಿಯ ಅಂಗಡಿಯವರೂ ಸುತ್ತಲಿನ ಹಳ್ಳಿಗಳ ಸಣ್ಣಪುಟ್ಟ ವ್ಯಾಪಾರದವರೂ ನಮ್ಮಲ್ಲಿ ಮಾಲು ಎತ್ತುತ್ತಾರೆ. ಕಾಕೂ ಹುನ್ನೂರಿನವರು. ಚಿಕ್ಕಮ್ಮನನ್ನು ಕರೆಯುವಂತೆ ಕಾಕೂ ಎನ್ನುತ್ತಿದ್ದೆವೇ ಹೊರತು ನಮ್ಮ ಬಳಗದವರೇನಲ್ಲ. ಮನೆಯ ಪಡಸಾಲೆಯಲ್ಲೇ ಅವರ ಅಂಗಡಿ. ಗಂಡ ತೀರಿಕೊಂಡ ಮೇಲೆ ಅದೇ ಪಡಸಾಲೆಯಲ್ಲಿ ಕೂತು ಮಗನನ್ನು ಓದಿಸಿದರು, ಮದುವೆ ಮಾಡಿದರು.

ನಾನು ಸೊಸೆಯಾಗಿ ಬಂದು ಮೊದಲ ಸಲ ಗಲ್ಲೆಯ ಮೇಲೆ ಕೂತಾಗ ನನಗೆ ಧಂಧೆ ಕಲಿಸಿದವರು ಗಂಡನಲ್ಲ, ಕಾಕೂ. ನಮ್ಮಲ್ಲಿ ಒಡವೆಯ ಚೀಟಿಯ ಮೇಲೆ ದರವನ್ನು ಅಂಕಿಯಲ್ಲಿ ಬರೆಯುವುದಿಲ್ಲ. ಹತ್ತು ಅಂಕಿಗೆ ಬದಲಾಗಿ ಹತ್ತು ಅಕ್ಷರಗಳು. ಹಳ್ಳಿಯ ಅಂಗಡಿಯವರು ಎಷ್ಟೋ ಸಲ ಮದುವೆಯ ಗಿರಾಕಿಯನ್ನೇ ಜೊತೆಗೆ ಕರೆದುಕೊಂಡು ಬರುತ್ತಾರೆ. ಅವರು ಕೊಳ್ಳುವ ದರ ಪಕ್ಕದಲ್ಲಿ ನಿಂತ ಗಿರಾಕಿಗೆ ತಿಳಿಯಬಾರದು, ಅದಕ್ಕೆ ಈ ಏರ್ಪಾಟು. ಆ ಹತ್ತು ಅಕ್ಷರಗಳ ಗುಟ್ಟನ್ನು ಮಾವನವರು ಬಹಳ ನಂಬಿದವರಿಗೆ ಮಾತ್ರ ಹೇಳಿದ್ದರು. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ಕಾಕೂ ಪೇಪರ್ ಓದಲು ತಡವರಿಸುತ್ತಿದ್ದರು, ಆದರೆ ನಮ್ಮ ಚೀಟಿಯನ್ನು ನನಗಿಂತ ಬೇಗ ಓದುತ್ತಿದ್ದರು. ನಾನು ಮೊದಲ ವಾರವೇ ಗಿರಾಕಿಯ ಎದುರಿಗೆ ದರವನ್ನು ಬಾಯಿಬಿಟ್ಟು ಹೇಳಿದಾಗ ಗಲ್ಲೆಯ ಕೆಳಗೆ ನನ್ನ ಕೈ ಚಿವುಟಿದವರೂ ಅವರೇ.

ನಮ್ಮ ದರದ ಮೇಲೆ ಅವರು ಇಟ್ಟುಕೊಳ್ಳುವ ಲಾಭದ ಬಗ್ಗೆ ನಾನೊಮ್ಮೆ ತಮಾಷೆ ಮಾಡಿದ್ದೆ. ಆ ಲಾಭ ಎಲ್ಲಿ ಖರ್ಚಾಗುತ್ತದೆಂದು ಆಮೇಲೆ ತಿಳಿಯಿತು. ಅವರು ಮಾರಿದ ಸರ ಬೆವರಿಗೆ ಕಪ್ಪಾದರೆ ತಿರುಗಿ ತೆಗೆದುಕೊಂಡು ಬೇರೆ ಕೊಡುತ್ತಿದ್ದರು. ಹರಳು ಉದುರಿದರೆ ಕನ್ನಡಕ ಏರಿಸಿ ತಾವೇ ಅಂಟಿಸುತ್ತಿದ್ದರು. ಅಂಥ ಕೆಟ್ಟ ಮಾಲನ್ನು ನಮಗೆ ವಾಪಸ್ ತಂದದ್ದೂ ಇಲ್ಲ. ಯಾಕೆಂದು ಕೇಳಿದರೆ, "ಗಿರಾಕಿ ನನ್ನ ಮಾರಿ ನೋಡಿ ಒಯ್ದಾಳ, ನಿನ್ನ ಮಾರಿ ನೋಡಿ ಅಲ್ಲ" ಎಂದಿದ್ದರು.

ಎರಡು ವರ್ಷದ ಹಿಂದೆ ನನಗೆ ವೆಬ್‌ಸೈಟಿನ ಹುಚ್ಚು ಹಿಡಿಯಿತು. ಮಾಡಿಕೊಟ್ಟವನು ಬನಹಟ್ಟಿಯವನು, ಸೀರೆ ವ್ಯಾಪಾರಿಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಟ್ಟು ಹೆಸರು ಮಾಡಿದ ಆಸಾಮಿ. ಮಾವನವರ ಹೆಸರಿನ ಅಂಗಡಿ ಫೋನಿನಲ್ಲಿ ಓಡುವುದಿಲ್ಲ ಎಂದು ಅವನೇ ಒಂದು ಥಳುಕಿನ ಇಂಗ್ಲಿಷ್ ಹೆಸರಿಟ್ಟ. ಊರಿನ ಹೆಸರನ್ನೂ ಹಾಕಲಿಲ್ಲ. ಎಲ್ಲ ಸಿದ್ಧವಾದ ಮೇಲೆ, ನೋಡಿ ಅಭಿಪ್ರಾಯ ತಿಳಿಸಿ ಎಂದು ನಮ್ಮಲ್ಲಿ ಮಾಲು ಎತ್ತುವ ಅಂಗಡಿಯವರಿಗೆಲ್ಲ ಲಿಂಕ್ ಕಳಿಸಿದೆ.

ಅಭಿಪ್ರಾಯಗಳ ಮಳೆಯೇ ಸುರಿಯಿತು. ಹೆಬ್ಬೆರಳು, ಜೋಡಿಸಿದ ಕೈ, ಗುಲಾಬಿ ಹೂ. "ಸೂಪರ್ ಅಕ್ಕಾರ." ಮುಧೋಳದವರು ಹೆಸರು ಇನ್ನಷ್ಟು ದೊಡ್ಡದಾಗಲಿ ಎಂದರು. ಬೀಳಗಿಯವರು ಮೇಲೆ ಒಂದು ಲಕ್ಷ್ಮಿ ಫೋಟೋ ಹಾಕಿ ಎಂದರು. ಅವರಲ್ಲಿ ಅರ್ಧ ಮಂದಿ ಲಿಂಕ್ ತೆರೆದೇ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಹೊಗಳಿಕೆ ಹೊಗಳಿಕೆಯೇ, ನಾನು ಉಬ್ಬಿಹೋದೆ.

ಕಾಕೂ ಏನೂ ಕಳಿಸಲಿಲ್ಲ. ಸಂತೆಯ ದಿನ ತಾವೇ ಬಂದರು. ಚೀಲ ಕೆಳಗಿಟ್ಟು, ನನ್ನ ಫೋನ್ ಇಸಿದುಕೊಂಡು, ಒಡವೆಯ ಡಬ್ಬಿ ನೋಡುವಷ್ಟೇ ನಿಧಾನವಾಗಿ ಒಂದು ತಾಸು ನೋಡಿದರು.

"ಈ ಹುಡಗಿ ಕುತಗಿ ಒಂದ ಗೇಣ ಐತಿ," ಎಂದರು, ಫೋಟೋದಲ್ಲಿ ಸರ ಹಾಕಿಕೊಂಡಿದ್ದ ಮಾಡೆಲ್ ತೋರಿಸಿ. "ನಮ್ಮೂರಾಗ ಇಂಥಾ ಕುತಗಿ ಯಾರಿಗೈತಿ? ಸರ ಎಷ್ಟುದ್ದ ಐತಿ ಅಂತ ಹೆಂಗ ತಿಳೀಬೇಕ? ಅಂಗೈ ಮ್ಯಾಲ ಇಟ್ಟು ಫೋಟೋ ತಗೀರಿ."

"ಮತ್ತೇನ್ರಿ ಕಾಕೂ?"

"ಎಲ್ಲಾ ಮುಂದಿಂದ ತೋರಿಸೀರಿ. ಹಿಂದ ತಿರುಪ ಐತೋ, ಕೊಂಡಿ ಐತೋ? ನಾ ಮೊದಲ ಹಿಂದ ತಿರುವಿ ನೋಡಾಕಿ."

ಹೌದಲ್ಲ ಎನಿಸಿತು. ಬರೆದುಕೊಂಡೆ. ಆಮೇಲೆ ಅವರ ಬೆರಳು ಫೋಟೋದ ಕೆಳಗೆ ಅಂಕಿಯಲ್ಲಿ ಹಾಕಿದ್ದ ನಮ್ಮ ಹೋಲ್‌ಸೇಲ್ ದರದ ಮೇಲೆ ನಿಂತಿತು.

"ಈ ದರಾ ಎಲ್ಲಾರಿಗೂ ಕಾಣತೈತಿ?"

"ಹೌದ್ರಿ."

"ನಮ್ಮೂರ ಹೆಂಗಸರಿಗೂ?"

"ಫೋನ್ ಇದ್ದಾವ್ರಿಗೆಲ್ಲಾ ಕಾಣತೈತ್ರಿ."

ಕಾಕೂ ಫೋನನ್ನು ಗಲ್ಲೆಯ ಮೇಲಿಟ್ಟರು. "ಇದನ್ನ ಮುಚ್ಚ ತಂಗಿ. ಅಂಗಡಿದಾವ್ರಿಗಷ್ಟ ಕಾಣೂ ಹಂಗ ಮಾಡು. ಉಳದದ್ದು ಹೆಂಗರ ಇರಲಿ, ಇದೊಂದ ಮಾಡು."

"ಈ ವಾರದಾಗ ಮಾಡಸ್ತೇನ್ರಿ ಕಾಕೂ," ಎಂದೆ.

ಮೊದಲ ಎರಡನ್ನು ಅದೇ ವಾರ ಮಾಡಿಸಿದೆ. ಅಂಗೈ ಮೇಲಿನ ಫೋಟೋ, ಹಿಂಬದಿಯ ಫೋಟೋ. ಎಲ್ಲರೂ ಮೆಚ್ಚಿದರು, ಯಾರ ತಲೆ ಓಡಿತು ಎಂದು ಕೇಳಿದರು. ನನ್ನದೇ ಎಂದೆ. ಮೂರನೆಯದಕ್ಕೆ ಬನಹಟ್ಟಿಯವನು ರಾಗ ಎಳೆದ. "ದರಾ ಕಾಣದಿದ್ರ ಮಂದಿ ನಿಲ್ಲೂದಿಲ್ರಿ ಅಕ್ಕಾರ. ಸ್ವಲ್ಪ ದಿನ ಇರಲಿ, ನೋಡೂಣು." ನಾನು ಅವನನ್ನು ದೂರುವುದಿಲ್ಲ. ಮಾಡು ಎಂದು ಗದರಿಸಿದ್ದರೆ ಅವನು ಅರ್ಧ ದಿನದಲ್ಲಿ ಮಾಡುತ್ತಿದ್ದ. ನಾನು ಗದರಿಸಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಆರ್ಡರ್ ಬರತೊಡಗಿದ್ದವು. ಫೋನಿನಲ್ಲಿ ಜಾಹೀರಾತು ಬಿಟ್ಟಿದ್ದೆವು. ಕನಿಷ್ಠ ಒಂದು ಡಜನ್ ಕೊಳ್ಳಬೇಕೆಂಬ ನಿಯಮವೇನೋ ಇತ್ತು, ಆದರೆ ಹೆಂಗಸರು ದಡ್ಡರೇ? ಓಣಿಯ ನಾಲ್ಕಾರು ಮಂದಿ ಸೇರಿ ಡಜನ್ ತರಿಸತೊಡಗಿದರು. ಹಿಪ್ಪರಗಿಯಿಂದ ಬಂತು, ಬೀಳಗಿ ಕಡೆಯಿಂದ ಬಂತು. ಒಂದು ಮಧ್ಯಾಹ್ನ ಹುನ್ನೂರಿನ ವಿಳಾಸವೂ ಬಂತು. ಕಾಕೂ ಅವರ ಓಣಿಯದೇ.

ಆ ಪಾರ್ಸೆಲ್ ಕಟ್ಟಿದ್ದು ನಾನೇ. ಯಾರಿಗೋ ಕಟ್ಟಲು ಹೇಳಿದ್ದರೆ ಈಗ ಒಂದು ನೆಪವಾದರೂ ಇರುತ್ತಿತ್ತು. ಹನ್ನೆರಡು ಸರಗಳನ್ನು ಹತ್ತಿಯಲ್ಲಿ ಸುತ್ತಿ, ಟೇಪು ಹಚ್ಚಿ, ವಿಳಾಸ ಅಂಟಿಸಿದೆ; ಕಳಿಸಿದವರ ಜಾಗದಲ್ಲಿ ಆ ಇಂಗ್ಲಿಷ್ ಹೆಸರಷ್ಟೇ ಇತ್ತು. ಇವು ಯಾರ ಪಡಸಾಲೆಯಿಂದ ಹೋಗಬೇಕಿದ್ದ ಸರಗಳು ಎಂದು ಗೊತ್ತಿತ್ತು. ಇವತ್ತಲ್ಲದಿದ್ದರೆ ನಾಳೆ ಇನ್ಯಾರೋ ಕಳಿಸುತ್ತಾರೆ ಎಂದುಕೊಂಡು ಕಳಿಸಿಬಿಟ್ಟೆ. ನಾಚಿಕೆಗೆಟ್ಟ ಕೆಲಸ ಮಾಡುವವರೆಲ್ಲ ಹಾಗೆಯೇ ಅಂದುಕೊಳ್ಳುತ್ತಾರೆ.

ಮದುವೆಯ ದಿನಗಳು ಶುರುವಾದರೂ ಕಾಕೂ ಮಾಲು ಎತ್ತಲು ಬರಲಿಲ್ಲ. ಕೊನೆಗೊಂದು ದಿನ ಖಾಲಿ ಕೈಯಲ್ಲಿ ಬಂದರು. ಕೂರಲಿಲ್ಲ, ಕಂಬ ಹಿಡಿದು ನಿಂತೇ ಹೇಳಿದರು. ಮಗಳ ಮದುವೆಗೆ ಒಡವೆ ನೋಡಲು ಓಣಿಯ ಹೆಂಗಸೊಬ್ಬಳು ಬಂದಿದ್ದಳಂತೆ. ಜೊತೆಗೆ ಬೀಗರೂ ಇದ್ದರಂತೆ. ಕಾಕೂ ದರ ಹೇಳಿದ ಕೂಡಲೇ ಆಕೆ ಫೋನ್ ತೆಗೆದು, ಅದೇ ಒಡವೆಗೆ ನಮ್ಮ ವೆಬ್‌ಸೈಟಿನಲ್ಲಿದ್ದ ದರವನ್ನು ಇವರ ಮುಖಕ್ಕೆ ಹಿಡಿದಳಂತೆ.

"ಇಷ್ಟ ವರ್ಷ ನಮ್ಮನ್ನ ಸುಲದೀ ಅಂದ್ಲು. ಆಕೀ ಬಾಣಂತನಾ ಮಾಡಿದಾಕಿ ನಾನು." ಕಾಕೂ ಅವರ ದನಿ ಏರಲಿಲ್ಲ. "ಕಪ್ಪಾದದ್ದು ತಿರುಗಿ ತಗೊಂಡೆ, ಹರಳ ಬಿದ್ದದ್ದು ಹಚ್ಚಿಕೊಟ್ಟೆ. ಅದೇನೂ ಫೋನಿನ್ಯಾಗ ಬರದಿಲ್ಲ, ದರಾ ಅಷ್ಟ ಬರದೈತಿ."

ನಾನು ಫೋನ್ ಕೈಗೆತ್ತಿಕೊಂಡೆ. "ಇವತ್ತ ಮುಚ್ಚಸ್ತೇನ್ರಿ ಕಾಕೂ. ಈಗಿಂದೀಗ."

"ಈಗ್ಯಾಕ? ನೋಡಿದಾವ್ರ ಕಣ್ಣ ಮುಚ್ಚಾಕ ಬರತೈತಿ?"

ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆನೇನೋ. ಸೆರಗು ಸರಿಮಾಡಿಕೊಂಡು ಹೊರಟುಹೋದರು.

ಅಂದೇ ಬನಹಟ್ಟಿಗೆ ಫೋನ್ ಮಾಡಿ ಗದರಿಸಿದೆ. ಸಂಜೆಯೊಳಗೆ ದರಗಳು ಮರೆಯಾದವು. ಈಗ ಅಂಗಡಿಯವರೆಂದು ಗೊತ್ತಾದ ಮೇಲೆಯೇ ನಾವು ದರ ತೋರಿಸುತ್ತೇವೆ. ಅಂಗಡಿಯವರೆಲ್ಲ ಕರೆ ಮಾಡಿ, ಇದೊಂದು ಛಲೋ ಮಾಡಿದ್ರಿ ಅಕ್ಕಾರ, ನಮ್ಮ ಹೊಟ್ಟಿ ಉಳಿಸಿದ್ರಿ ಎಂದರು. ಅವರ ಹೊಟ್ಟೆ ಉಳಿಯಿತು. ಕಾಕೂ ಅಷ್ಟರಲ್ಲಿ ಪಡಸಾಲೆಯ ಗಾಜಿನ ಕಪಾಟು ಮಾರಿಬಿಟ್ಟಿದ್ದರು. ಅಂಗಡಿಯಿಲ್ಲದೆ ಊಟ ತಪ್ಪುತ್ತಿರಲಿಲ್ಲ, ಮಗ ದುಡಿಯುತ್ತಿದ್ದ. ಆದರೆ ಅವರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರಂತೆ. ಓಣಿಯ ಮದುವೆಗಳಿಗೂ ಹೋಗುತ್ತಿರಲಿಲ್ಲವಂತೆ. ಇದನ್ನೆಲ್ಲ ನಾನು ಬೇರೆಯವರ ಬಾಯಲ್ಲಿ ಕೇಳಿದೆ. ಹುನ್ನೂರೇನು ದೂರವೇ? ಹೋಗಬೇಕು, ಹೋಗಬೇಕು ಎನ್ನುತ್ತಲೇ ವರ್ಷ ಕಳೆದೆ.

ಈ ಬೇಸಿಗೆಯಲ್ಲಿ ಕಾಕೂ ತೀರಿಕೊಂಡರು. ಮಣ್ಣಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ, ತಿಂಗಳು ಬಿಟ್ಟು ಹೋದೆ. ಸೊಸೆ ನನ್ನನ್ನು ಗುರುತು ಹಿಡಿದು ಅತ್ತಳು, ಪಡಸಾಲೆಯಲ್ಲಿ ಚಾಪೆ ಹಾಸಿದಳು, ಚಹಾ ತಂದಳು.

"ನಿಮ್ಮ ಹೆಸರ ಭಾಳ ಹೇಳತಿದ್ರರಿ ಅತ್ತಿ. ಜಮಖಂಡ್ಯಾಗ ನನಗೊಬ್ಬಾಕಿ ಮಗಳ ಅದಾಳ ಅಂತಿದ್ರು," ಎಂದಳು. "ಆ ಮುಂಬೈದಾವ್ರು ಫೋನಿನ್ಯಾಗ ದರಾ ಹಾಕಿ ನಮ್ಮತ್ತೀನ ಮೂಲಿಗೆ ಕೂಡಿಸಿದ್ರರಿ."

"ಯಾವ ಮುಂಬೈದಾವ್ರು?"

"ಅತ್ತಿನೇ ಹೇಳಿದ್ರರಿ. ಅದ ಮುಂಬೈ ಕಂಪನಿ ಐತಿ, ನಮ್ಮ ಕಡಿದಾವ್ರು ಯಾರೂ ಹಂಗ ಮಾಡೂದಿಲ್ಲ ಅಂತ. ನೀವೂ ಇದ ಧಂಧೆದಾಗ ಅದೀರಿ. ನಿಮಗೇನರ ಗೊತ್ತೇನ್ರಿ, ಅವರು ಯಾರಂತ?"

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿಬಿಡಬಹುದಿತ್ತು. ಹೇಳಬೇಕೆಂದೇ ಹೋಗಿದ್ದೆನೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

"ಗೊತ್ತಿಲ್ಲವ್ವಾ," ಎಂದೆ.

ಆಕೆ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು.