ಸೈಲೋ ಅಜ್ಜ ಮತ್ತು ಎರಡನೇ ಕೀಲಿ

ಕಳೆದ ವಾರ ಮಗಳ ಗಿಣಿಗೆ ಕಾಳು ತರಲೆಂದು ಇಲ್ಲಿ ಮಸ್ಕತ್‌ನ ಅಲ್ ಮಬೇಲಾದ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು, ನಮ್ಮೂರ ಕಡೆಯವನೇ, ಮೂಲೆಯಲ್ಲಿದ್ದ ಗೋಣಿಯ ಬಾಯಿ ಬಿಚ್ಚಿದ. ಒಳಗಿದ್ದ ಮೆಕ್ಕೆಜೋಳಕ್ಕೆ ಎಲ್ಲೋ ತೇವ ತಾಗಿತ್ತು. ಆ ಹುಳಿಹುಳಿ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದೆ. "ಎಂತ ಆಯ್ತು ಸಾರ್? ಕೂತ್ಕೊಳ್ಳಿ, ನೀರು ಬೇಕಾ?" ಎಂದು ಅವನು ಸ್ಟೂಲು ಎಳೆದು ಕೊಟ್ಟ. ಕೂತೆ. ಕಾಳು ಮಾತ್ರ ತೆಗೆದುಕೊಳ್ಳದೆ ಮನೆಗೆ ಬಂದು ಮಗಳಿಂದ ಇಂಗ್ಲಿಷಿನಲ್ಲಿ ಬೈಸಿಕೊಂಡೆ.

ಆ ವಾಸನೆ ನನಗೆ ಹದಿನಾಲ್ಕು ವರ್ಷ ಹಳೆಯದು. ಆಗ ನಾನು ರುಸೈಲ್‌ನ ಒಂದು ದನದ ಮೇವಿನ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ಹಡಗಿನಲ್ಲಿ ಬಂದ ಮೆಕ್ಕೆಜೋಳವನ್ನು ತುಂಬಿಡುವ ಎತ್ತರದ ತಗಡಿನ ಕಣಜಗಳು, ಅಂದರೆ ಸೈಲೋಗಳು, ನಮ್ಮಲ್ಲಿ ಆರು ಇದ್ದವು. ಅವುಗಳ ಉಸ್ತುವಾರಿಗೆಂದು ಕಂಪನಿ ಅಮೆರಿಕದಿಂದ ಒಬ್ಬ ಮುದುಕರನ್ನು ಕರೆಸಿತ್ತು. ಅಯೋವಾ ಎಂಬ ಬಯಲು ಸೀಮೆಯ ಅಪ್ಪಟ ರೈತ. ಹೆಂಡತಿ ತೀರಿಕೊಂಡ ಮೇಲೆ ಹೊಲವನ್ನು ಮಗಳು ಅಳಿಯನಿಗೆ ಬಿಟ್ಟು ಬಂದವರು. ನಾವೆಲ್ಲ ಅವರನ್ನು ಸೈಲೋ ಅಜ್ಜ ಎನ್ನುತ್ತಿದ್ದೆವು.

ಮುಖವೆಲ್ಲ ಬಿಸಿಲಿಗೆ ಕೆಂಪಾಗಿದ್ದರೂ ಟೋಪಿ ತೆಗೆದರೆ ಹಣೆ ಮಾತ್ರ ಹಾಲಿನಂತೆ ಬೆಳ್ಳಗೆ. ಐವತ್ತು ವರ್ಷ ಟ್ರ್ಯಾಕ್ಟರಿನ ಮೇಲೆ ಕೂತವರಿಗೆಲ್ಲ ಹಾಗೇ ಆಗುತ್ತದಂತೆ. ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಟಕ್ಕೆಂದು ಕಡಿದು, "ತೇವ ಶೇಕಡಾ ಹದಿನಾಲ್ಕು" ಎನ್ನುತ್ತಿದ್ದರು. ಯಂತ್ರಕ್ಕೆ ಹಾಕಿದರೆ ಅದೂ ಹದಿನಾಲ್ಕೇ ತೋರಿಸುತ್ತಿತ್ತು. ಮೊದಮೊದಲು ನಮಗೆ ಇದೊಂದು ಮೋಜು.

ಅವರು ತಂದ ನಿಯಮ ಒಂದೇ. ಸೈಲೋದ ಒಳಗೆ ಹೋಗುವವನು ಜೋಳವನ್ನು ತಳದಿಂದ ಹೊರಗೆಳೆಯುವ ಮೋಟಾರಿನ ಸ್ವಿಚ್ಚಿಗೆ ತನ್ನದೇ ಬೀಗ ಹಾಕಬೇಕು, ಅದರ ಕೀಲಿ ಅವನ ಜೇಬಿನಲ್ಲೇ ಇರಬೇಕು. ಒಂದು ಬೀಗಕ್ಕೆ ಒಂದೇ ಕೀಲಿ. ಹೊರಗೆ ಬಂದವನೇ ಬೀಗ ತೆಗೆಯಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ನಮಗೋ, ಇದು ಶುದ್ಧ ತಲೆಹರಟೆ. ನಮ್ಮವರು ಕೀಲಿ ಜೇಬಿನಲ್ಲಿಟ್ಟುಕೊಂಡೇ ಊಟಕ್ಕೆ ಹೋಗುವರು, ನಮಾಜಿಗೆ ಹೋಗುವರು, ಅಲ್ಲಿಯತನಕ ಇಡೀ ಫ್ಯಾಕ್ಟರಿ ಬಾಯಿ ಬಿಟ್ಟುಕೊಂಡು ಕಾಯಬೇಕು. ಊರಿಗೇ ಬುದ್ಧಿ ಹೇಳುವ ಪೈಕಿ ನಾನು. ಸದ್ದಿಲ್ಲದೆ ಎಲ್ಲ ಬೀಗಗಳಿಗೂ ಎರಡನೇ ಕೀಲಿ ಮಾಡಿಸಿ ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡೆ. ಮೂರು ತಿಂಗಳು ಕೆಲಸ ಸರಾಗವಾಗಿ ನಡೆಯಿತು. ಮ್ಯಾನೇಜರ್ ಬೆನ್ನು ತಟ್ಟಿದರು...

ಆ ದಿನ ನಾಲ್ಕನೇ ಸೈಲೋದ ತಳದಲ್ಲಿ ತೇವಕ್ಕೆ ಜೋಳ ಹೆಪ್ಪುಗಟ್ಟಿತ್ತು. ಪೇಶಾವರದ ಕಡೆಯ ನಮ್ಮ ಪಠಾಣ, ನನ್ನದೇ ವಯಸ್ಸಿನವನು, ಹಾರೆ ಹಿಡಿದು ಒಳಗೆ ಹೋಗಿ ಅದನ್ನು ಒಡೆಯುತ್ತಿದ್ದ. ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ನಾನು ನಮಾಜಿನ ಕೋಣೆಯ ಮುಂದೆ ಹಾದು ಬರುವಾಗ ಬಾಗಿಲಲ್ಲಿ ಅವನ ಹಸಿರು ಚಪ್ಪಲಿ ಕಂಡಿತು. ಸರಿ, ಪ್ರಾರ್ಥನೆಯಲ್ಲಿದ್ದಾನೆ, ಬೀಗ ಮರೆತು ಹೋಗಿದ್ದಾನೆ ಎಂದುಕೊಂಡೆ. ಹೊರಗೆ ಎರಡು ಲಾರಿ ಕಾಯುತ್ತಿದ್ದವು. ಎರಡನೇ ಕೀಲಿಯಿಂದ ಬೀಗ ತೆಗೆದೆ, ಸ್ವಿಚ್ ಒತ್ತಿದೆ.

ಅವನು ಬೇಗ ನಮಾಜು ಮುಗಿಸಿ, ಚಪ್ಪಲಿಯನ್ನು ಅಲ್ಲೇ ಬಿಟ್ಟು, ಬೂಟು ಹಾಕಿಕೊಂಡು ಮತ್ತೆ ಸೈಲೋದ ಒಳಗೆ ಹೋಗಿದ್ದ.

ಆ ಕೂಗು... ಅದನ್ನು ಬರೆಯಲಾರೆ. ನಾನು ಕಂಬದಂತೆ ನಿಂತುಬಿಟ್ಟೆ. ಎಪ್ಪತ್ತರ ಅಜ್ಜ ಎಲ್ಲಿಂದಲೋ ಓಡಿ ಬಂದು ನನ್ನನ್ನು ಭುಜದಿಂದ ತಳ್ಳಿ ಮೋಟಾರು ನಿಲ್ಲಿಸುವ ಕೆಂಪು ಗುಂಡಿ ಗುದ್ದಿದರು. ಪಠಾಣ ಸೊಂಟದವರೆಗೆ ಜೋಳದಲ್ಲಿ ಹೂತಿದ್ದ, ಬಲಗಾಲು ತಳದಲ್ಲಿ ತಿರುಗುವ ಕಬ್ಬಿಣದ ತಿರುಪಿಗೆ ಸಿಕ್ಕಿತ್ತು. ನಾವು ಅವನನ್ನು ಎಳೆಯಲು ಹೋದಾಗ ಅಜ್ಜ ತಡೆದರು. ಎಳೆದರೆ ಸಾಯುತ್ತಾನೆ ಎಂದು, ತಗಡನ್ನೇ ಕೊಯ್ಯಿಸಿ ಜೋಳವನ್ನು ಹೊರಗೆ ಹರಿಸಿದರು. ಜೀವ ಉಳಿಯಿತು. ಮೊಣಕಾಲಿನಿಂದ ಕೆಳಗೆ ಕಾಲು ಉಳಿಯಲಿಲ್ಲ.

ಕೀಲಿಯ ವಿಷಯ ಪೊಲೀಸರಿಗೆ ನಾನೇ ಹೇಳಿದೆ. ಪಠಾಣ ಆಸ್ಪತ್ರೆಯ ಮಂಚದಿಂದಲೇ, "ಇಸ್ ನೇ ಜಾನ್ ಬೂಝ್ ಕೇ ನಹೀಂ ಕಿಯಾ. ಮಾಫ್ ಕಿಯಾ, ಖಲಾಸ್," ಎಂದುಬಿಟ್ಟ. ಬೇಕೆಂದು ಮಾಡಿದ್ದಲ್ಲ, ಕ್ಷಮಿಸಿದ್ದೇನೆ ಎಂದು ಅವನು ಹೇಳಿದ್ದರಿಂದ ಕೇಸೂ ಅಲ್ಲಿಗೇ ನಿಂತಿತು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕ್ಷಮಿಸಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಹೆಂಡತಿ ಬಾಣಂತನಕ್ಕೆಂದು ಉಡುಪಿಗೆ ಹೋಗಿದ್ದಳು, ಫ್ಲಾಟಿನಲ್ಲಿ ನಾನೊಬ್ಬನೇ. ಸ್ನೇಹಿತರು ಬಂದು, "ಮಿಂಚಿ ಹೋದದ್ದಕ್ಕೆ ಚಿಂತಿಸಿ ಎಂತ ಮಾಡ್ಲಿಕ್ಕುಂಟು ಮಾರಾಯ" ಎಂದು ಚಹಾ ಕುಡಿದು ಹೋದರು. ನಾಲ್ಕು ದಿನ ಅನ್ನ ಇಳಿಯಲಿಲ್ಲ. ಐದನೇ ದಿನ ಸಂಜೆ ನಾನು ನಮ್ಮ ಕಟ್ಟಡದ ತಾರಸಿಗೆ ಹೋದೆ. ಯಾಕೆ ಹೋದೆ ಎಂದು ಮುಚ್ಚಿಡುವುದಿಲ್ಲ. ಸಾಯಲು ಹೋಗಿದ್ದೆ.

ಹಿಂದಿನಿಂದ ಏದುಸಿರು ಕೇಳಿಸಿತು. ನನ್ನನ್ನು ನೋಡಲು ಬಂದು, ಫ್ಲಾಟಿನ ಬಾಗಿಲು ತೆರೆದೇ ಇದ್ದದ್ದು ಕಂಡು, ಲಿಫ್ಟು ಕೆಟ್ಟಿದ್ದರಿಂದ ಐದು ಮಾಳಿಗೆ ಹತ್ತಿ ಬಂದಿದ್ದರು ಅಜ್ಜ. ಅಲ್ಲೇಕೆ ನಿಂತಿದ್ದೀ ಎಂದು ಕೇಳಲಿಲ್ಲ. "ಹಸಿವಾಗುತ್ತಿದೆ. ನಿಮ್ಮೂರಿನ ಹೋಟೆಲಿಗೆ ಕರೆದುಕೊಂಡು ಹೋಗು," ಎಂದರು. ನೀರುದೋಸೆಯನ್ನು ಫೋರ್ಕಿನಲ್ಲಿ ಸುತ್ತಲು ಅವರು ಪಟ್ಟ ಪಾಡು ನೋಡಿ ಪಕ್ಕದ ಮೇಜಿನವರೆಲ್ಲ ನಕ್ಕರು. ನಾನು ಅರ್ಧ ದೋಸೆ ತಿಂದೆ.

ಆಮೇಲೆ ದಿನಾ ಸಂಜೆ ಐದಕ್ಕೆ ಹಾಜರು. ಬಂದು ಕೂತು ತಮ್ಮ ವಂಶದ ಕತೆ ಹೇಳುವರು, ದಿನಕ್ಕೆ ಒಂದಿಷ್ಟು. ಮುತ್ತಜ್ಜ ಜರ್ಮನಿಯಿಂದ ಹಡಗು ಹತ್ತಿ ಬಂದದ್ದು, ಮರವೇ ಇಲ್ಲದ ಬಯಲಿನಲ್ಲಿ ಹುಲ್ಲುಮಣ್ಣಿನ ಹೆಂಟೆಗಳನ್ನೇ ಕೊಯ್ದು ಮನೆ ಕಟ್ಟಿದ್ದು. ಗೋಡೆಯೊಳಗಿಂದ ಹಾವು ಇಣುಕಿದರೆ ಮುತ್ತಜ್ಜಿ ಸೌಟಿನಿಂದ ಹೊಡೆಯುತ್ತಿದ್ದಳಂತೆ. ಉತ್ತರದ ಗಾಳಿ ತಡೆಯಲು ಆಕೆ ನೆಟ್ಟ ಗಿಡಗಳ ಸಾಲು ಈಗ ಹೆಮ್ಮರಗಳ ಸಾಲು. ಅವರ ತಾತ ಮೊದಲ ಟ್ರ್ಯಾಕ್ಟರ್ ಕೊಂಡ ದಿನ ಕುದುರೆಗಳನ್ನು ಮಾರಿ ಬಂದು ಲಾಯದಲ್ಲಿ ಕೂತು ಅತ್ತರಂತೆ. ಅಪ್ಪ ಮಾತ್ರ ಜಿಲ್ಲೆಗೇ ಹೆಸರಾದ ಜೋಳದ ಬೆಳೆಗಾರ, ಅವರು ಬಿತ್ತಿದ ಸಾಲಿಗೆ ದಾರ ಹಿಡಿದರೂ ತಪ್ಪು ಸಿಗದು.

ಹೇಳುತ್ತ ಹೇಳುತ್ತ ಸರಿಯಾದ ಕಡೆ ನಿಲ್ಲಿಸಿ, ಉಳಿದದ್ದು ನಾಳೆ ಎಂದು ಎದ್ದು ಹೋಗುವರು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಆ ನಾಳೆಗಾಗಿ ಕಾಯತೊಡಗಿದೆ. ಕಾಯುವವನು ಅಷ್ಟರ ಮಟ್ಟಿಗೆ ಬದುಕಿರಲೇಬೇಕಲ್ಲ.

ಹತ್ತೋ ಹನ್ನೊಂದನೆಯದೋ ದಿನ, ಅಣ್ಣನ ಸರದಿ ಬಂತು. ಹದಿನೆಂಟರ ಅಣ್ಣ ಕಣಜದ ಒಳಗೆ ಇಳಿದು ಗಂಟು ಕಟ್ಟಿದ ಜೋಳ ಒಡೆಯುತ್ತಿದ್ದ. ಹೊರಗಿದ್ದವರಿಗೆ ಅದು ಗೊತ್ತಿಲ್ಲ. ಮೋಟಾರು ಶುರುವಾಯಿತು. ಜೋಳ ಅವನನ್ನು ಒಳಗೆ ಎಳೆದುಕೊಂಡಿತು, ಉಸಿರುಕಟ್ಟಿ ಸತ್ತ. ಅಜ್ಜ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಸ್ವಿಚ್ ಒತ್ತಿದ್ದು ನಾನು. ಆಗ ನನಗೆ ಹದಿನೇಳು," ಎಂದರು. "ನನ್ನನ್ನು ನೋಡು. ಉಣ್ಣುತ್ತೇನೆ, ನಿದ್ದೆ ಮಾಡುತ್ತೇನೆ. ಮದುವೆಯಾದೆ, ಮಗಳನ್ನು ಸಾಕಿದೆ. ಬದುಕಲು ಬರುತ್ತದೆ."

ನಿಮ್ಮ ಅಪ್ಪ ಏನೆಂದರು ಎಂದು ಕೇಳಿದೆ. ಅಜ್ಜ ಟೋಪಿಯನ್ನು ಮತ್ತೆ ತಲೆಗಿಟ್ಟು, "ಅಪ್ಪ ಏನೂ ಹೇಳಲಿಲ್ಲ," ಎಂದರು. ಮಾರನೆಯ ವಾರ ನಾನು ಕೆಲಸಕ್ಕೆ ಹೋದೆ. ಅದೇ ವರ್ಷ ಅವರ ಒಪ್ಪಂದ ಮುಗಿಯಿತು, ಮಸ್ಕತ್ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ.

ಈಗ ಎರಡು ತಿಂಗಳ ಹಿಂದೆ ಅವರ ಮಗಳಿಂದ ಸಂದೇಶ ಬಂತು. ಅಜ್ಜ ನಿದ್ದೆಯಲ್ಲೇ ಹೋಗಿಬಿಟ್ಟರಂತೆ. ನಾನು ನಾಲ್ಕು ಸಾಲಿನ ಉತ್ತರ ಬರೆದೆ. ಅಣ್ಣ ಒಳಗಿದ್ದಾಗ ಮೋಟಾರು ಶುರು ಮಾಡಿದ ನೋವನ್ನು ನಿಮ್ಮ ತಂದೆ ಜೀವಮಾನವೆಲ್ಲ ಹೊತ್ತರು, ಈಗ ಅವರಿಗೆ ಶಾಂತಿ ಸಿಗಲಿ ಎಂದು. ಹತ್ತು ನಿಮಿಷದಲ್ಲಿ ಫೋನು ಬಂತು.

"ನೀವು ಏನು ಬರೆದಿದ್ದೀರಿ? ಅಪ್ಪನಿಗೆ ಆಗ ಹನ್ನೆರಡು ವರ್ಷ. ಆ ದಿನ ಶಾಲೆಯಲ್ಲಿದ್ದರು. ಮೋಟಾರು ಶುರು ಮಾಡಿದ್ದು ಅವರ ಅಪ್ಪ," ಎಂದಳು ಆಕೆ.

ಆಕೆ ಮುಂದುವರಿಸಿದಳು. ಊರವರು ಪಾತ್ರೆ ಪಾತ್ರೆ ಅಡುಗೆ ತಂದು ಬಾಗಿಲಲ್ಲಿಟ್ಟು ಹೋದರಂತೆ, ಯಾರೂ ಎದುರಿಗೆ ಕೂತು ಮಾತಾಡಲಿಲ್ಲವಂತೆ. ಮುಂದಿನ ಜನವರಿಯಲ್ಲಿ ಒಂದು ಬೆಳಿಗ್ಗೆ ಅಜ್ಜನ ಅಪ್ಪ ಕೊಟ್ಟಿಗೆಗೆ ಹೋಗಿ ಜೀವ ಕಳೆದುಕೊಂಡರು. ಮೊದಲು ನೋಡಿದ್ದು ಹನ್ನೆರಡರ ಈ ಹುಡುಗನೇ.

"ನಿಮಗೆ ಅಪ್ಪ ಯಾಕೆ ಹಾಗೆ ಹೇಳಿದರು?" ಎಂದು ಕೇಳಿದಳು.

ಎರಡನೇ ಕೀಲಿಯ ವಿಷಯ ಹೇಳಿದೆ. ತಾರಸಿಯ ವಿಷಯ ಹೇಳಿದೆ. ಅಡುಗೆಮನೆಯಿಂದ ಬಂದ ಹೆಂಡತಿ ಬಾಗಿಲು ಹಿಡಿದು ನಿಂತಳು. ಅವಳಿಗೂ ಅದು ಮೊದಲ ಸಲ ಕೇಳುವ ಸುದ್ದಿ. ಫೋನಿನ ಆ ಕಡೆ ಅಜ್ಜನ ಮಗಳು ಅಳುತ್ತಿದ್ದಳು.

ಒಂದು ಮಾತನ್ನು ಮಾತ್ರ ಇಬ್ಬರಿಗೂ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ. ಅಂದು ಅಜ್ಜನ ತಪ್ಪೊಪ್ಪಿಗೆ ಕೇಳಿದ ಮೇಲೆಯೇ ನಾನು ಹೊಟ್ಟೆ ತುಂಬ ಉಂಡದ್ದು. ಇವರು ಸ್ವಂತ ಅಣ್ಣನನ್ನೇ ಕೊಂದವರು, ನಾನು ಅಷ್ಟು ದೊಡ್ಡ ಪಾಪಿಯಲ್ಲ ಎಂದು ಒಳಗೊಳಗೇ ಅವರನ್ನು ನನಗಿಂತ ಕೆಳಗಿಟ್ಟು ಸಮಾಧಾನಪಟ್ಟುಕೊಂಡಿದ್ದೆ. ವಿಮಾನ ನಿಲ್ದಾಣದಲ್ಲಿ ಅವರು ಕೈ ಕೊಟ್ಟಾಗಲೂ ನನ್ನ ಮನಸ್ಸಿನಲ್ಲಿ ಇದ್ದದ್ದು ಅದೇ ಕನಿಕರ. ನನಗೆ ಹಾಗೆ ಅನ್ನಿಸುತ್ತದೆ ಎಂದು ಅವರಿಗೆ ಗೊತ್ತಿತ್ತು... ಗೊತ್ತಿದ್ದೇ ಆ ಸುಳ್ಳು ಹೇಳಿದ್ದರು. ಈಗ ಕಾಲಿಗೆ ಬೀಳೋಣವೆಂದರೆ ಅಜ್ಜ ಇಲ್ಲ.